ಹನ್ನೊಂದು ಸೆಕೆಂಡು

ನಾನು ಆಟ ನೋಡುವವನಲ್ಲ.
ಗೋಣಿಕೊಪ್ಪಲಿನ ಆ ಕಾಫಿ ಗೋದಾಮಿನಲ್ಲಿ
ಆರುನೂರು ಜನ ಕತ್ತು ಉದ್ದ ಮಾಡಿದಾಗ
ತಲೆ ತಗ್ಗಿಸಿ ಗಡಿಯಾರ ನೋಡುವವನು ನಾನೊಬ್ಬನೇ.
ಮೂರು ನಿಮಿಷ, ಗಂಟೆ. ಒಂದು ನಿಮಿಷ, ಗಂಟೆ.
ಗಂಟೆಯೆಂದರೆ ಜೀಪಿನ ಮುರಿದ ಪಟ್ಟಿ,
ನನ್ನ ವರ್ಕ್‌ಶಾಪಿನದೇ. ಸುತ್ತಿಗೆಯೂ ನನ್ನದೇ.
ಊಟ ಹಾಕಿ ಇನ್ನೂರು ರೂಪಾಯಿ ಕೊಡುತ್ತಾರೆ.

ಆ ರಾತ್ರಿ ನೀಲಿ ಮೂಲೆಯಲ್ಲಿ ಸಿದ್ದಾಪುರದ ನೌಫಲ್,
ತಲಶ್ಶೇರಿಯಿಂದ ಐಸಿನಲ್ಲಿ ಮೀನು ತರುವ ಹಂಝಾಕನ ಮಗ.
ಗಿರಾಕಿಗೆ ಚಿಲ್ಲರೆ ಎಣಿಸಿದ ಹಾಗೆ ಅವನ ಎಡಗೈ:
ಒಂದು. ಒಂದು. ಮತ್ತೊಂದು.
ಹೆಚ್ಚಿಲ್ಲ, ಕಡಿಮೆಯಿಲ್ಲ.
ಎದುರಿನವನು ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ
ತಕ್ಕಡಿ ಎತ್ತಿಟ್ಟು ಹಿಂದೆ ಸರಿದಾಗಿದೆ.

ಕೆಂಪು ಮೂಲೆಯಲ್ಲಿ ಪೊನ್ನಂಪೇಟೆಯ ಬೆಳ್ಯಪ್ಪ.
ಕೈ ಇಳಿಬಿಟ್ಟು ಗಲ್ಲ ಮುಂದೆ ಚಾಚಿ
ಹೊಡಿ ಎನ್ನುತ್ತಾನೆ, ಹೊಡೆಸಿಕೊಂಡು ನಗುತ್ತಾನೆ,
ಹಗ್ಗಕ್ಕೊರಗಿ ಮುಂದಿನ ಸಾಲಿನ ಹೆಂಗಸರನ್ನು ಕೇಳುತ್ತಾನೆ,
"ಊಟ ಆಯ್ತಾ?"
ನಗುವಿಗೆ ತಗಡಿನ ಮಾಡು ನಡುಗಿ
ಜಂತಿಯ ಮೇಲಿನ ಹೊಟ್ಟಿನ ಧೂಳು ಲೈಟಿನಲ್ಲಿ ತೇಲುತ್ತದೆ.
ನೀನು ಹೇಗೆ ಕಂಡೆ ಎನ್ನಬೇಡಿ.
ಇದೆಲ್ಲ ಕೇಳಿದ್ದು, ಆಮೇಲೆ ಜನ ಹೇಳಿದ್ದು.
ನಾನು ಕಂಡದ್ದು ಸ್ವಲ್ಪವೇ. ಅದನ್ನು ಹೇಳುತ್ತೇನೆ.

ಮೂರನೇ ಸುತ್ತಿನ ಹೊತ್ತಿಗೆ ಲೆಕ್ಕವೆಲ್ಲ ನೌಫಲನದು.
ಜನಕ್ಕೆ ಬೇಸರ. "ಹೋಗಿ ಮೀನು ಮಾರೋ!"
ಖಾಲಿ ಬಾಟಲಿಯೊಂದು ಉರುಳಿ ನನ್ನ ಮೇಜಿನ ಕಾಲಿಗೆ ತಾಗಿತು.
ಸುಬೇದಾರ್ ಚಿಣ್ಣಪ್ಪ ಮಾತ್ರ ಹಲ್ಲು ಕಚ್ಚಿ,
"ಗೆಲುವು ಸಾಕು ಮಗಾ, ಚಂದ ಬೇಡ."
ಗೆದ್ದವನಿಗೆ ಪಟಾಲಮ್ಮಿನ ಆಯ್ಕೆಗೆ ಕಾಗದ.
ಸೋತವನಿಗೊಂದು ಟವೆಲ್ಲು.

ಆಗ ಬೆಳ್ಯಪ್ಪ ನಗುವುದನ್ನು ಬಿಟ್ಟನಂತೆ.
ಒಂದು ಏಟು, ಎಲ್ಲಿಂದ ಬಂತೋ,
ಆರುನೂರು ಕುರ್ಚಿ ಒಟ್ಟಿಗೆ ಹಿಂದೆ ಸರಿದ ಸದ್ದಿಗೆ
ಹದಿನೇಳು ವರ್ಷದಲ್ಲಿ ಮೊದಲ ಸಲ
ತಲೆ ಎತ್ತಿಬಿಟ್ಟೆ.

ಎಂಥ ಚಂದ ಅಂತೀರಿ!
ಬೆವರು ಹೂವಿನ ಹಾಗೆ ಬಿರಿಯುತ್ತಿತ್ತು.
ಬಿದ್ದ ಬಿದ್ದ ಎನ್ನುವಾಗ ಹಗ್ಗಕ್ಕೆ ಜೋತು
ಮತ್ತೆ ಎಡಗೈ ಎತ್ತುವ ಮೀನಿನ ಹುಡುಗ,
ಆರುನೂರು ಬಾಯಿ ಸೇರಿ ಒಂದೇ ಬಾಯಿ,
ಅದರೊಳಗೆ ನನ್ನದೂ.

ಗಂಟೆ ಹೊಡೆದಾಗ ಅವನು ನೆಲದ ಮೇಲಿದ್ದ.
ಮುಳ್ಳು ಹನ್ನೊಂದು ಸೆಕೆಂಡು ಮುಂದೆ ಹೋಗಿತ್ತು.

ಮರೆತೆ ಎಂದರೆ ಅರ್ಧ ಸುಳ್ಳು.
ಐದನೆಯದಕ್ಕೇ ನೆನಪಾಗಿತ್ತು.
ಉಳಿದ ಆರು ನಾನಾಗಿ ಕೊಟ್ಟದ್ದು.
ಜನಕ್ಕೋ, ನನಗೋ.

ನಮ್ಮಜ್ಜ ಪುತ್ತರಿಯಲ್ಲಿ ಮಂದಿಗೆ ಇಳಿದು ಪರಿಯಕಳಿ ಆಡಿದವನು.
ಬೆತ್ತದ ಏಟು ಮೊಣಕಾಲಿನ ಕೆಳಗೆ ಮಾತ್ರ,
ತಕ್ಕರು ಸಾಕೆಂದರೆ ಸಾಕು,
ಆಮೇಲೆ ಇಬ್ಬರೂ ಅಪ್ಪಿಕೊಳ್ಳಬೇಕು.
ಮೀನಖಂಡದ ಬರೆ ತೋರಿಸಿ ಅವನು ನಗುತ್ತಿದ್ದ.
ಗೆದ್ದವರಾರು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಆದರೆ ಅಲ್ಲಿ ಯಾರಿಗೂ ಕಾಗದ ಬರುವುದಿರಲಿಲ್ಲವಲ್ಲ.

ಬೆಳ್ಯಪ್ಪ ಕಾಗದ ಹಿಡಿದು ಹೋದವನು
ಆರು ತಿಂಗಳಿಗೆ ವಾಪಸು ಬಂದ.
ಅಲ್ಲಿ ಯಾರೂ ನಗಲಿಲ್ಲವಂತೆ.
ಚಹಾದಂಗಡಿಯಲ್ಲಿ ಈಗಲೂ ಆ ಸುತ್ತಿನದೇ ಮಾತು,
ಗ್ಲಾಸು ಕೆಳಗಿಟ್ಟು ಎದ್ದು ನಿಂತು ಆಡಿ ತೋರಿಸುತ್ತಾರೆ,
"ಬಿದ್ದವನೂ ಏನು ಸೊಗಸಾಗಿ ಬಿದ್ದ ಮಾರಾಯ!"
ಹೊತ್ತಿಗೆ ಸರಿಯಾಗಿ ಸುತ್ತಿಗೆ ಎತ್ತಿದ್ದರೆ
ನೌಫಲ್ ಗೆಲ್ಲುತ್ತಿದ್ದ,
ಮನೆ ಮುಟ್ಟುವಷ್ಟರಲ್ಲಿ ಎಲ್ಲರೂ ಅವನನ್ನು ಮರೆಯುತ್ತಿದ್ದರು.
ಈ ಸಮಾಧಾನವನ್ನು ಎಷ್ಟೋ ರಾತ್ರಿ ನುಂಗಿ ನೋಡಿದ್ದೇನೆ.
ಮುಳ್ಳಿದೆ, ಇಳಿಯುವುದಿಲ್ಲ.

ಭಾನುವಾರ ಸಂತೆಯಲ್ಲಿ ಅವನ ಹತ್ತಿರವೇ ಮತ್ತಿ ಕೊಳ್ಳುತ್ತೇನೆ.
ಪೇಪರಿನಲ್ಲಿ ಸುತ್ತಿ, ಒದ್ದೆ ಎಡಗೈಯಲ್ಲಿ
ಒಂದು, ಒಂದು, ಮತ್ತೊಂದು ನಾಣ್ಯ ಇಟ್ಟು
ಎಲ್ಲರಿಗೂ ಹೇಳುವಂತೆ ನನಗೂ ಹೇಳುತ್ತಾನೆ,
"ಎಣಿಸ್ಕೊಳ್ಳಿ."
ಅಲ್ಲಿ ಎಣಿಸಲು ಧೈರ್ಯವಿಲ್ಲ.
ಮನೆಗೆ ಬಂದು ಎಣಿಸುತ್ತೇನೆ.
ಸರಿಯಾಗಿರುತ್ತದೆ, ಪ್ರತಿ ಸಲ.