ವಾದಿ

ಸೊಹಾರಿನಲ್ಲಿ ಹಳ್ಳಕ್ಕೆ ವಾದಿ ಅನ್ನುತ್ತಾರೆ.
ವರ್ಷದ ಮುನ್ನೂರು ಚಿಲ್ಲರೆ ದಿನ ಬರೀ ಕಲ್ಲು,
ಸಾಕ್ಷಿ ಸಿಗದೆ ಬಾಯಿ ಒಣಗಿಸಿ ಕೂತ ವಾದಿ.
ಅದರ ದಂಡೆಗೆ ನಮ್ಮ ಕ್ಯಾಂಪು.
ನಾನು ಸ್ಟೋರಿನ ಉಮರಬ್ಬ,
ನಾಲ್ಕಕ್ಷರ ಅರಬಿ ಬಲ್ಲೆನೆಂದು
ಹತ್ತೊಂಬತ್ತು ಕೋಣೆಗೂ ನಾನೇ ಪೇಪರು, ನಾನೇ ರೇಡಿಯೊ.

ಮೊಸಳೆಯ ವಿಡಿಯೊ ಕಳಿಸಿದವನೂ ನಾನೇ.
ಪೇಟೆಯ ನಡುವೆ ನೀರು, ನೀರಲ್ಲಿ ಮೊಸಳೆ.
ಯಾವ ದೇಶದ್ದೋ, ಯಾವ ವರ್ಷದ್ದೋ,
ಹಿಂದೆ ಕೂಗುವವರ ಭಾಷೆ ಅರಬಿಯಲ್ಲ.
ಕೇಳಿಸಿತ್ತು ನನಗೆ. ಕಳಿಸಿದೆ.

ಆಮೇಲೆ, ವೀಸಾ ಮುಗಿದವರಿಗೆ ಮಾಫಿಯಂತೆ, ಶುಕ್ರವಾರವಂತೆ.
'ಅಂತೆ'ಗೆ ಬಾಡಿಗೆಯಿಲ್ಲ, ಎಲ್ಲಿ ಬೇಕಾದರೂ ಮಲಗುತ್ತದೆ.
ಕುಷ್ಟಗಿಯ ಗಿಡ್ಡ ಹುಲಿಗೆಪ್ಪ
ಇಸ್ತ್ರಿ ಅಂಗಿ ತೊಟ್ಟು, ಮುಚ್ಚಿದ ಕಚೇರಿಯ ಮುಂದೆ
ಸಂಜೆವರೆಗೆ ನಿಂತು ಬಂದ.
ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನೊಬ್ಬನೇ ಅಲ್ಲ ಬಿಡಿ.
'ನೀರು ಪರೀಕ್ಷಿಸಲಾಗಿದೆ' ಎಂದು ಕಂಪನಿ ಬರೆಸಿದ ಟ್ಯಾಂಕಿನಲ್ಲಿ
ಸತ್ತ ಪಾರಿವಾಳ ಸಿಕ್ಕಿತ್ತು.
ಊರಿನ ಚಾನೆಲ್ಲು ಕೆಂಪು ಬಾಣ ಹಾಕಿ
ಗಲ್ಫೇ ಮುಳುಗಿತೆಂದು ಕಿರುಚುವಾಗ
ಹೆಂಡತಿಯರು ಫೋನಿನಲ್ಲಿ ಅಳುತ್ತಿದ್ದರು,
ನಾವು ಬಿಸಿಲಿಗೆ ಚಡ್ಡಿ ಒಣಗಿಸುತ್ತಿದ್ದೆವು.

ಬುಧವಾರ ಸರಕಾರದ ಸಂದೇಶ ಬಂತು,
ಮೂರು ಭಾಷೆಯಲ್ಲಿ, ಕನ್ನಡ ಬಿಟ್ಟು.
ಬಿರುಗಾಳಿ. ವಾದಿ ದಾಟಬೇಡಿ. ಶಾಲೆಗೆ ಹೋಗಿ.
ಕನ್ನಡಕ್ಕೆ ತಿರುಗಿಸಿ ಕಳಿಸಿದೆ.
ಮೊಸಳೆಗೆ ಆದ ಅದೇ ಟಿಂಗ್ ಸದ್ದು ಇದಕ್ಕೂ.
ಹತ್ತೊಂಬತ್ತು ಕೋಣೆಯಿಂದ ನಗುವ ಮುಖಗಳು.
"ಮೊಸಳಿ ಯಾವಾಗ ಬರತೈತ್ರಿ ಸಾಹೇಬ್ರ?"

ಗಾಳಿಯ ಸುದ್ದಿ, ಗಾಳಿಸುದ್ದಿಯಾಗಿ ಬಿದ್ದಿತ್ತು.
ಬಾಗಿಲು ಬಾಗಿಲು ಬಡಿದೆ.
ಮಕ್ಕಳ ಆಣೆ ಹಾಕಿದೆ,
ಅದನ್ನೂ ಯಾರೋ ಕಳಿಸಿದ್ದು ಅಂದುಕೊಂಡರು.
ಹುಲಿಗೆಪ್ಪ ಆಚೆ ದಂಡೆಯ ಗ್ಯಾರೇಜಿಗೆ
ಸೈಕಲ್ ತರಲು ಹೋದ.

ಮರಳಿದ್ದು ನಡುರಾತ್ರಿ, ಎದೆಮಟ್ಟ ಕೆಸರು,
ಒಂದೇ ಚಪ್ಪಲಿ. ಸೈಕಲ್ಲು ಸಮುದ್ರದ ಪಾಲು.
ಶಾಲೆಯ ಬೆಂಚಿನ ಮೇಲೆ ಚಾದರ ಹೊದಿಸಿದೆ.
ಹಲ್ಲು ಕಟಕಟ ಅನ್ನುವ ನಡುವೆ ಕೇಳಿದ:
"ಖರೇದಕ್ಕ ಬ್ಯಾರೆ ಸಪ್ಪಳ ಇರಬಾರದೇನ್ರಿ?"

ಈಗ ಮೋಡ ಕವಿದರೆ ನಾನೇ ದಂಡೆಗೆ ಹೋಗುತ್ತೇನೆ,
ಪ್ಯಾಂಟು ಮಡಚಿ ಇಳಿಯುತ್ತೇನೆ.
ಕಂಡದ್ದಷ್ಟೇ ಬರೆಯುತ್ತೇನೆ:
ನೀರು ಮೊಣಕಾಲಿನವರೆಗೆ. ಹೊತ್ತು ನಾಲ್ಕೂ ಹತ್ತು.
ನಾನೇ ನಿಂತು ನೋಡಿದ್ದು.

ತುಸು ಹೊತ್ತು ಬಿಟ್ಟು ಟಿಂಗ್.
ಹುಲಿಗೆಪ್ಪನ ದನಿ:
"ಯಾರ ಮೊಣಕಾಲ್ರಿ? ನಿಮ್ದೋ, ನಂದೋ?"