ಏಡಿಯ ಮನೆ

ಮೊದಲಿನ ಆಟದಲ್ಲೊಂದು ಏಡಿ ಇತ್ತು.
ದೀಪಸ್ತಂಭದತ್ತ ಅಡ್ಡಡ್ಡ ನಡೆದು
ಕಲ್ಲುಗೋಡೆಯೊಳಗೇ ಹೋಗಿಬಿಡುತ್ತಿತ್ತು.
ತಪ್ಪಿದೆ ಎಂದು ನಾವು ಬರೆದರೆ
ಮಾಡಿದವರು ಉತ್ತರಿಸಿದ್ದರು:
‘ಗೊತ್ತು. ಅದರ ಮನೆ ಅಲ್ಲೇ.’

ಕಂಪನಿ ಮಾರಾಟವಾಯಿತು.
ಈಗ ನೀರಿಗೆ ಹೊಳಪು ಹೆಚ್ಚು,
ದೋಣಿಯ ಹಗ್ಗ ಬಿಚ್ಚಲು ಹತ್ತು ನಾಣ್ಯ,
ಏಡಿ ಗೋಡೆಗೆ ಬಡಿದು
ತಿರುಗುತ್ತದೆ, ಮತ್ತೆ ಬಡಿಯುತ್ತದೆ.

ಕೋಡಿಬಾಗದ ಅಂಗಡಿಯಲ್ಲಿ ಫ್ಲಾವಿಯಾ
ಕೊಂಕಣಿಯಲ್ಲಿ ಬೈದಳು, ಆಮೇಲೆ ಸುಮ್ಮನಾದಳು.
ಉಲ್ಲಾಸ ತಾಂಡೇಲ ಮಾತ್ರ
ಹಳೇ ಕಂಪ್ಯೂಟರಿನ ನೆಟ್ ತಂತಿ ಕಿತ್ತು
ಬಲೆ ಹೆಣೆಯುವ ದಾರದಲ್ಲಿ ಸುತ್ತಿ
ಗೂಟಕ್ಕೆ ನೇತುಹಾಕಿದ.

ಸಂಜೆ ಕಾಳಿ ನದಿಗೆ ಭರತ ಏರುವ ಹೊತ್ತು
ನಾಲ್ವರು ಒಂದೇ ಪರದೆಗೆ ಬಗ್ಗಿ
ಕಾಯುತ್ತೇವೆ. ಚಾ ಆರುತ್ತದೆ.
ಬಂತು, ಬಂತು.
ಗೋಡೆ ಇದ್ದ ಹಾಗೇ ಇದೆ,
ಏಡಿ ಒಳಗೆ.