ಆರನೇ ಹಾಸಿಗೆಯ ಚೌಕ

ಲಾರಿ ಹಿಂಬದಿಗೆ ಗುಲಾಬಿ ಬರೆಯೋನು ನಾನು.
ಮೂವತ್ತೊಂದು ವರ್ಷ, ಬಳ್ಳಾರಿ ಊರ ಹೊರಗ, ಗ್ಯಾರೇಜಿನ ಸಾಲಿನಾಗ:
ಹದ್ದು, ನವಿಲು, ತಾಯಿ ಆಶೀರ್ವಾದ.
ಅದಿರಿನ ಧೂಳು ಕುಂತ ಮ್ಯಾಲೆ
ಎಲ್ಲಾದೂ ಒಂದೇ ಬಣ್ಣ.

ಈಗ ಮಂಗಳವಾರ, ಶುಕ್ರವಾರ
ನಾಕು ತಾಸು ಎಡಗೈ ಮಿಷಿನ್ನಿಗೆ ಕೊಟ್ಟು
ಅಂಗಾತ ಮಲಗತೀನಿ.
ಮ್ಯಾಲೆ ಎರಡಡಿ ಎರಡಡಿ ಬಿಳೀ ಚೌಕ.
ಎಣಿಸೀನಿ, ತೊಂಬತ್ತಾರು.
ಒಂದರಾಗ ನೀರು ಸೋರಿದ ಕಲೆ,
ಅದಕ್ಕ ಆಮೆ ಅಂತ ಹೆಸರಿಟ್ಟಿದ್ದೆ.

ಕಾಲೇಜಿನ ಹುಡುಗರು ಬಂದರು,
ಬಕೆಟ್ಟಿನಾಗ ಬ್ರಷ್ಷು, ಅಂಗಿ ಮ್ಯಾಲೆ ಹಳೇ ಅಂಗಿ.
ಗೋಡೆ ತುಂಬ ಹೂವು ಬರೀತೀವಿ ಅಂದರು.
ಸಿಸ್ಟರ್ ರೂತಮ್ಮ ಸೂಜಿಗೆ ಪ್ಲಾಸ್ಟರು ಹಚ್ಚತಾ,
"ಗೋಡೆ ನೋಡೋರು ನಾವಪ್ಪ, ಓಡಾಡೋರು.
ಇವರಿಗೆ ಕಾಣೋದು ಮ್ಯಾಲಿಂದು."

ಏಣಿ ಹತ್ತಿ ಜಂಬಣ್ಣ ಚೌಕ ಬಿಚ್ಚಿ ಇಳಿಸಿದ,
ಹಾಸಿಗೆಗೊಂದು.
ಬೆನ್ನ ಮ್ಯಾಲೆಲ್ಲ ಸಂಡೂರು ದಾರಿಯ ಮಣ್ಣು.
ಇಲ್ಲಿತನಕ ಅದು ಹೆಂಗ ಬಂತೋ,
ಯಾವ ಲಾರಿ ತಂತೋ.

ಶ್ರಾವಣಿ ಅನ್ನೋ ಹುಡುಗಿ
ಎಲ್ಲ ಚೌಕ ನೆಲದ ಮ್ಯಾಲೆ ಜೋಡಿಸಿ
ಪೆನ್ಸಿಲಿನಾಗ ಸಮುದ್ರ ಗೀಚಿದಳು, ಮೀನು ಬಿಟ್ಟಳು.
ನಾಕನೇ ಹಾಸಿಗೆ ಮಾಬುನ್ನಿ ಎದ್ದು ಕುಂತು,
"ಕುಡಿಯಾಕ ದಿನಕ್ಕ ಎರಡು ಗ್ಲಾಸು,
ನೋಡಾಕ ಸಮುದ್ರಾನಾ?"

ವಾರ್ಡೇ ನಕ್ಕಿತು.
ನಕ್ಕು ಕೈ ಅಲುಗಿದ್ದಕ್ಕ
ಎರಡು ಮಿಷಿನ್ನು ಕುಂಯ್ ಅಂತ ಬೈದವು.
ಹುಡುಗಿ ಅರ್ಧ ದಿನ ರಬ್ಬರು ತಿಕ್ಕಿದಳು.

"ಮತ್ತೇನು ಬರೀಲಿ?"
"ಮೆಣಸಿನಕಾಯಿ ಕಣ.
ಕುರುಗೋಡಿನಾಗ ಇಪ್ಪತ್ತು ವರ್ಷ ಹರವೀನಿ, ತಿರುವೀನಿ,
ನಿಂತು ನೋಡಿದ್ದು ಒಂದು ದಿನ ಇಲ್ಲ."
ಕೆಂಪು ಬ್ಯಾಡ, ರೋಗಿಗಳು ಗಾಬರಿ ಆಗತಾರ, ಅಂದರು ಡಾಕ್ಟರು.
ಮಾಬುನ್ನಿ ತನ್ನ ತೋಳಿನ ಪೈಪು ತೋರಿಸಿದಳು:
"ಇದು ಯಾವ ಬಣ್ಣ ಸಾಹೇಬರ?
ನನ್ನದಕ್ಕ ನಾ ಯಾಕ ಅಂಜಲಿ?"

ಹಂಗಾಗಿ ಕೆಂಪು ಬಂತು,
ಮೂರು ಡಬ್ಬಿ ಸಾಲದ ಮತ್ತೆರಡು.
ಒಂದೇ ಕೈಲಿ, ಮಡಿಲಾಗ ಚೌಕ ಇಟಗೊಂಡು ತುಂಬಿದಿವಿ.
ಯಾರೋ ಗೆರೆ ದಾಟಿದರು. ಯಾರೋ ನಿದ್ದೆ ಹೋದರು.
ನನ್ನ ಕೈಗೆ ತಗಡಿನ ಜಾರು ರೂಢಿ,
ಈ ಹಾಳಿ ಬಣ್ಣ ಕುಡೀತದ. ಕುಡೀಲಿ,
ನಮ್ಮೊಳಗ ಯಾರಿಗಾದರೂ ಆ ಭಾಗ್ಯ ಇರಲಿ.
ಕಣದ ಅಂಚಿಗೆ ಒಂದು ಗುಲಾಬಿ ತುರುಕಿದೆ,
ಕೈ ಕೇಳಬೇಕಲ್ಲ.

ಆರನೇ ಹಾಸಿಗೆ ಈರಲಿಂಗ, ಸಿರುಗುಪ್ಪ ರೈಸ್‌ಮಿಲ್ಲಿನ ಹುಡುಗ,
ಇಪ್ಪತ್ತೆರಡು ತುಂಬಿಲ್ಲ.
"ಶುಕ್ರವಾರ ಮಾಡತೀನಿ" ಅಂದ.
ಶುಕ್ರವಾರ ತಲೆ ಸುತ್ತು. "ಮಂಗಳವಾರ."
ಸೋಮವಾರ ರಾತ್ರಿ ಫೋನು ಬಂತಂತ,
ತಾಯಿ ಕಿಡ್ನಿ ಹೊಂದತೈತಿ, ಹೊಂಡ್ರಿ ಹುಬ್ಬಳ್ಳಿಗೆ.
ಮಂಚದ ಕೆಳಗ ಚಪ್ಪಲಿ ಬಿಟ್ಟು ಹೋಗಿದ್ದ.

ಜಂಬಣ್ಣ ಚೌಕ ಏರಿಸಿದ.
ಮಲಗಿ ನೋಡಿದರ
ನಾವೇ ಮ್ಯಾಲೆ ಹಾರಿಧಂಗ, ಕಣ ಕೆಳಗ ಹರವಿಧಂಗ.
ಮಾಬುನ್ನಿ ಮಾತಾಡಲಿಲ್ಲ. ಒಮ್ಮೆ ಸೀನಿದಳು,
ಘಾಟು ಅಂದಳು.

ಕೆಂಪಿನ ನಡುವೆ ಆರನೇದು ಬೆಳ್ಳಗ,
ಪೆನ್ಸಿಲಿನ ಗೆರೆ ಮಾತ್ರ.
"ನಾ ತುಂಬಲೇನು ಅಂಕಲ್?" ಶ್ರಾವಣಿ ಕೇಳಿದಳು.
ಹೊಸ ಲಾರಿಗೆ ಹಳೇ ಚಪ್ಪಲಿ ಯಾಕ ಕಟ್ಟತಾರ ಅಂದೆ.
ಅವಳಿಗೆ ತಿಳೀಲಿಲ್ಲ. ನನಗೂ ಪೂರಾ ಇಲ್ಲ.

ಮೂರು ತಿಂಗಳಿಗೆ ರೂತಮ್ಮ ಫೋನಿನಾಗ ತೋರಿಸಿದರು:
ಕಟ್ಟೆ ಮ್ಯಾಲೆ ಈರಲಿಂಗ, ಬಾಯಿಗೆ ತಂಬಿಗಿ,
ಎತ್ತಿದ್ದು ಇಳಿಸಲೇ ಇಲ್ಲ,
ಗಂಟಲು ಮಾತ್ರ ಏರಿ ಇಳೀತಿತ್ತು.
ಹನ್ನೊಂದು ಮಂದಿ ಆ ಗಂಟಲನ್ನ ನೋಡಿದಿವಿ,
ತಿರುಗಿ ಹಾಕಸಿಕೊಂಡು ನೋಡಿದಿವಿ.

ಈಗ ಆರಕ್ಕ ಹೊಸಬರು, ತೋರಣಗಲ್ಲಿನ ಮೇಷ್ಟ್ರು.
ಮೊದಲ ದಿನ ಮ್ಯಾಲೆ ನೋಡಿ,
"ಇದೊಂದು ಯಾಕ ಖಾಲಿ?"
ಮಾಬುನ್ನಿ ಈ ಕಡೆ ತಿರುಗದೇ ಅಂದಳು:
"ಅದು ಕುಡಿದು ಖಾಲಿ ಮಾಡಿದ್ದು, ಸಾರ್."